ಆಮ್ಯಾಲ ನೆನಪು ಮಾಡು

ಸೇಡಂ ತಹಸೀಲ ಕಚೇರಿ ಎದುರು
ಬೇವಿನ ಗಿಡದ ನೆಳ್ಳು ಹನ್ನೊಂದಕ್ಕ ನನ್ನ ಅಂಗಡಿ ಬಿಟ್ಟು
ಝೆರಾಕ್ಸಿನವನ ಕಡಿ ಹೋಗ್ತದ.
ಆಗ ಶುರು ಇದರ ಕಿರಿಕಿರಿ.

ಪರದಿ ಮೂಲ್ಯಾಗ ನೀಲಿ ಡಬ್ಬಿ ಮೂಡ್ತದ:
ಹೊಸಾದು ತಯಾರದ, ಹಾಕ್ಕೋರಿ.
ಕೆಳಗ ಎರಡು ಗುಂಡಿ.
ಒಂದು, ಈಗ.
ಇನ್ನೊಂದು, ಆಮ್ಯಾಲ ನೆನಪು ಮಾಡು.

ಬ್ಯಾಡ ಅನ್ಲಾಕ ಗುಂಡಿ ಇಲ್ಲ.
ಚಾಳೀಸು ಒರಿಸಿ ಹುಡುಕೀನಿ, ಇಲ್ಲ.
ಸೋದರಮಾವ ಬ್ಯಾಡ ಅಂದಿದ್ದೆ ಹತ್ತೊಂಬತ್ತಕ್ಕ;
ಅಪ್ಪ ಮೂರು ದಿನ ಉಣಲಿಲ್ಲ,
ನಾಕನೇ ದಿನ ರೊಟ್ಟಿ ಮುರಕೋತ
ಆಯ್ತು ಬಿಡು ಅಂದ.
ಅಪ್ಪನಂಥಾ ಅಪ್ಪ ಕೇಳ್ಯಾನ.
ಇದು ಯಾವೂರ ದೊಡ್ಡಪ್ಪ?

ಹದಿಮೂರು ವರ್ಷದ ಮಷೀನು.
ಫ್ಯಾಕ್ಟರಿ ಸಿಮೆಂಟಿನ ಧೂಳು ಕುಡದು ಕುಡದು
ಒಳಗಿನ ಫ್ಯಾನು ಗೊರಕಿ ಹೊಡೀತದ.
ಐತವಾರಕ್ಕೊಮ್ಮಿ ಬಿಚ್ಚಿ
ಪೇಂಟಿನ ಬ್ರಷ್‌ಲೆ ಝಾಡಸ್ತೀನಿ.
‘ಎಸ್’ ಕೀಲಿ ಸವದು ಬೆಳ್ಳಗಾಗ್ಯದ,
ಬೆರಳಿಗಿ ಗುರ್ತದ, ಕಣ್ಣಿಗಿ ಬೇಕಿಲ್ಲ.
ತಾಲೂಕಿನಾಗ ಸತ್ತವರು ಅರ್ಧ ಮಂದಿ ಇದರಾಗ ಅದಾರ,
ವಂಶಾವಳಿ, ವಾರಸಾ, ಪ್ರಮಾಣಪತ್ರ,
ಫೋಲ್ಡರಿನಾಗ ತಮ್ಮ ತಮ್ಮ ಊರ ಹೆಸರಿನ ಕೆಳಗ
ಸುಮ್ಮ ಮಕ್ಕೊಂಡಾರ.

ಕಲಬುರಗಿಯಿಂದ ಇರ್ಷಾದ್ ಬಂದಿದ್ದ.
ಮೌಶಿ, ಇದರ ಉಮರ್ ಮುಗೀತು ಅಂದ,
ಡಾಕ್ಟರ್ ಅಂದಂಗ, ಮಾರಿ ನೋಡದೆ.
ಕಂಪನಿಯವರು ಇನ್ನ ಇದಕ್ಕ ಔಷಧ ಕೊಡಲ್ಲಂತ.
ಸಾಯಲಿಲ್ಲಲ್ಲೋ ಇನ್ನ, ಅಂದೆ.
ಸಾಯಬೇಕಂತೇನಿಲ್ಲ ಮೌಶಿ,
ಅವರು ಲೆಕ್ಕದಾಗಿಂದ ತೆಗದಾರ, ಅಷ್ಟೆ.

ಎರಡನೇ ಮಷೀನಿಗಿ ಹೊಸಾದು ಹಾಕಿದ.
ಪರದಿ ಮ್ಯಾಲ ಚುಕ್ಕಿ ಗರಾ ಗರಾ ತಿರಗತಿತ್ತು,
ಕಂಪ್ಯೂಟರ್ ಬಂದ್ ಮಾಡಬ್ಯಾಡ್ರಿ ಅಂತ ಬರದಿತ್ತು.
ಕರೆಂಟಿನವರು ಅದನ್ನ ಓದಲಿಲ್ಲ.
ಮೂರು ಸಲ ಹೋತು, ಮೂರು ಸಲ ಮೊದಲಿಂದ.
ಸಂಜಿಗಿ ಸ್ವಾಗತ ಅಂತು.
ಯಾರ ಅಂಗಡ್ಯಾಗ ಯಾರಿಗಿ ಸ್ವಾಗತ?

ಮರುದಿನ ಹಾಶಮ್ಮ ಬಂದಳು ಮುಧೋಳ ಕಡಿಯಿಂದ,
ಗಂಡ ಮೊಗಲಪ್ಪನ ಕಾಗದ ಇನ್ನೊಮ್ಮಿ ಬೇಕಂತ.
ಹೊಸಾದ್ರಾಗ ತೆರದೆ.
ಹೆಸರು ಇರಲಿಲ್ಲ.
ಹೆಸರಿನ ಜಾಗದಾಗ
ಒಡದ ಬಳಿ ಚೂರು, ಕೊಂಡಿ, ಮೊಳಿ,
ಯಾವ ದೇಶದ್ದೋ ಸೀಮಿ ಲಿಪಿ.
ಪ್ರಿಂಟರ್ ಅದನ್ನೇ ಭಕ್ತಿಯಿಂದ ಛಾಪಿಸಿತು.

ಹಾಶಮ್ಮಗ ಓದು ಬರಲ್ಲ.
ಕಾಗದ ದೂರ ಹಿಡದು ನೋಡಿದಳು.
ಇವ ನನ್ನ ಗಂಡ ಅಲ್ಲ ಅಂದಳು.
ಅಂವನ ಹೆಸರಿಗಿ ಕೊನಿಗಿ
ದೊಡ್ಡದರ ಕೆಳಗ ಸಣ್ಣದೊಂದು ಇರ್ತಿತ್ತವ್ವ,
ಕೂಸು ಸೆರಗು ಹಿಡದು ನಿಂತಂಗ.
ಅದೆಲ್ಲಿ ಹೋತು?

ಮೂವತ್ತು ವರ್ಷ ಪ-ಕ್ಕ ಪ ಒತ್ತು ಕೊಟ್ಟೀನಿ,
ಅದು ಸೆರಗು ಹಿಡದದ್ದು ನಾ ಕಂಡಿದ್ದಿಲ್ಲ.

ಹಳೀ ಮಷೀನು ಚಾಲೂ ಮಾಡಿದೆ.
ಗೊರಕಿ ಹೊಡಕೋತ ಎದ್ದು ಕುಂತಿತು.
ತಡ ಆತು, ಇಬ್ಬರೂ ಚಾ ಕುಡದೇವು.
ಮೊಗಲಪ್ಪ ಬಂದ, ಒತ್ತು ಸಮೇತ.
ಬೆಚ್ಚಗಿನ ಕಾಗದದ ಮ್ಯಾಲ ಆಕಿ ಬೆರಳಿಟ್ಟು
ಕೂಸಿನ ತನ ಬಂದು ನಿಂತಳು.
ಹೂಂ, ಇವನೇ.
ಹತ್ತು ರೂಪಾಯಿ ಬ್ಯಾಡ ಅಂದೆ; ಅದಕ್ಕೂ ಗುಂಡಿ ಬೇಕಾಗಲಿಲ್ಲ.

ಕಾಗದ ಹಿಡಕೊಂಡು ರಸ್ತಾ ದಾಟಿದಳು,
ಹಂಗೇ ಹೊಳ್ಳಿ ಬಂದಳು.
ಇದು ಹನ್ನೊಂದನೇ ಸಲ, ಕೇಳಲಿಲ್ಲ ನಾನು.
ಅಲ್ಲಿ ಏನಂತಾರ ನನಗ ಬಾಯಿಪಾಠ.

ಅಷ್ಟರಾಗ ನೀಲಿ ಡಬ್ಬಿ ಮತ್ತ ಮೂಡಿತು.
ಈ ಸಲ ಸಿಟ್ಟು ಬರಲಿಲ್ಲ.
ಇಷ್ಟು ವರ್ಷ ಈ ಬಾಗಲ ಎದುರು ಕುಂತು
ಒಂದು ಮಾತರೆ ಕಲಿಯಬಾರದೇನು?
ಕುರ್ಚಿ ಹಿಂದ ಜರಗಿಸಿ,
ಕಣ್ಣೆತ್ತದೆ, ಗುಮಾಸ್ತನ ದನ್ಯಾಗ ಅಂದೆ:

ಸಾಹೇಬರಿಲ್ಲ.
ಆಮ್ಯಾಲ ಬಾ.