ಬಾಕಿ ಡಬ್ಬಿಗಳು

ದುದ್ದದ ಆಸ್ಪತ್ರೆಯಲ್ಲಿ ಬುಧವಾರ ಬೀಪಿ ಮಾತ್ರೆಯ ದಿನ.
ಐವತ್ತು ದಾಟಿದವರ ಕೈಗೆ ಮಾತ್ರೆಯ ಜೊತೆ
ಹೆಬ್ಬೆರಳಷ್ಟು ಡಬ್ಬಿ, ಹಸಿರು ಮುಚ್ಚಳ, ಒಳಗೊಂದು ಕಡ್ಡಿ.
ಮೊದಲ ತಿಂಗಳು ಅರವತ್ತು ಕೊಟ್ಟೆ.
ಬಂದದ್ದು ನಾಲ್ಕು.
ಅದರಲ್ಲೂ ಒಂದರಲ್ಲಿ ನಶ್ಯ ತುಂಬಿತ್ತು.

ತಪ್ಪು ನನ್ನದೂ ಇತ್ತು.
‘ಮಲ’ ಅಂದೆ, ನರ್ಸಿಂಗ್ ಪುಸ್ತಕದ ಮಾತು;
ಸಾಲಿನಲ್ಲಿದ್ದ ಹೆಂಗಸರು ಸೆರಗು ಮೂಗಿಗೆ ಹಿಡಿದರು,
ನಾನೇ ನಾರಿದೆನೇನೋ ಎಂಬಂತೆ.
ಆಮೇಲೆ ‘ಹೊರಕಡೆ ಹೋದಾಗ’ ಅನ್ನಲು ಕಲಿತೆ,
ಗುಂಪಿನಲ್ಲಲ್ಲ, ತೋಳಿಗೆ ಪಟ್ಟಿ ಸುತ್ತಿ
ಗಾಳಿ ಊದುವಷ್ಟು ಹೊತ್ತಿನಲ್ಲಿ, ಕಿವಿಯ ಹತ್ತಿರ.
ಪಾದರಸ ಇಳಿಯುವುದರೊಳಗೆ ಮಾತು ಮುಗಿಯಬೇಕು.

ಡಾಕ್ಟರು ಬೋರ್ಡಿನ ಮೇಲೆ ಶೇಕಡಾ ಬರೆದರು.
ನಾನು ಹಿತ್ತಲ ನೀರಿನ ತೊಟ್ಟಿಯ ಪಕ್ಕ ಬಕೆಟ್ಟು ಇಟ್ಟೆ,
ಯಾರೂ ನೋಡದ ಹಾಗೆ ಹಾಕಿ ಹೋಗಲಿ ಎಂದು.
ಬಂದವು. ವೀಳ್ಯದೆಲೆಯಲ್ಲಿ ಸುತ್ತಿ,
ಮೊಮ್ಮಗನ ಜಾಮೆಟ್ರಿ ಬಾಕ್ಸಿನಲ್ಲಿ,
ಒಂದಂತೂ ಮದುವೆ ಪತ್ರಿಕೆಯ ಲಕೋಟೆಯಲ್ಲಿ,
ಅರಿಶಿನದ ಮೂಲೆ ಸಮೇತ.

ದ್ಯಾವಮ್ಮಣ್ಣಿ ಅಜ್ಜಿ ಮಾತ್ರ ತನ್ನದನ್ನು ಡೇರಿಗೆ ಕೊಟ್ಟು ಹೋದಳು.
ಸ್ಯಾಂಪಲ್ ಅಂದರೆ ಅವಳಿಗೆ ಡೇರಿಯೇ.
ಕಾರ್ಯದರ್ಶಿ ಸಣ್ಣರಂಗೇಗೌಡರು ಅದನ್ನು
ಎರಡೇ ಬೆರಳಲ್ಲಿ ಹಿಡಿದು ದಾರಿಯುದ್ದ ಬಯ್ಯುತ್ತ ತಂದರು:
‘ಸಿಸ್ಟರ್, ನಾವು ಫ್ಯಾಟು ನೋಡ್ತೀವಿ, ಇದನ್ನಲ್ಲ!’
ನಾನು ನಕ್ಕೆ. ಅವರೂ ನಕ್ಕರು.
‘ನಿಮಗೆಷ್ಟಾಯ್ತು ವಯಸ್ಸು?’
ನಗು ನಿಂತಿತು.
ಐವತ್ತಾರು.
‘ಹಾಲಿಗೆ ಹೊತ್ತಿಗೊಂದು ಪರೀಕ್ಷೆ ಮಾಡ್ತೀರ...’ ಎಂದು ಶುರು ಮಾಡಿದೆ.
‘ಗೊತ್ತು ಬಿಡಿ, ಉಪದೇಶ ಬೇಡ’ ಎಂದು ಡಬ್ಬಿ ಜೇಬಿಗಿಳಿಸಿದರು.

ಅಜ್ಜಿಯದು ಒಂದೇ ಗೆರೆ.
ಅವರದು ಎರಡು.

ಹೇಳಲು ಡೇರಿಗೇ ಹೋದೆ. ಸಂಜೆಯ ಹಾಲು ಮುಗಿದು
ಕ್ಯಾನು ತೊಳೆಯುತ್ತಿದ್ದರು.
‘ಎರಡು ಗೆರೆ ಅಂದರೆ ಅದೇ ಕಾಯಿಲೆ ಅಂತಲ್ಲ,
ಮೂಲವ್ಯಾಧಿಗೂ ಹೀಗಾಗುತ್ತೆ. ಕ್ಯಾಮೆರಾ ಬಿಟ್ಟು ನೋಡಬೇಕು.’
‘ಎಲ್ಲಿಂದ?’
ಹೇಳಿದೆ.
ತುಂಬ ಹೊತ್ತು, ತೊಳೆದ ಕ್ಯಾನನ್ನೇ ತೊಳೆದರು.

ಹಾಸನದ ದೊಡ್ಡಾಸ್ಪತ್ರೆಯಲ್ಲಿ ತಾರೀಖು ಸಿಗಲು ಹತ್ತೊಂಬತ್ತು ದಿನ.
ಹಿಂದಿನ ರಾತ್ರಿ ಭೇದಿಯ ಔಷಧಿ; ಬೆಳಗ್ಗೆ ಬಸ್ಸಿನಲ್ಲಿ
ಕಿಟಕಿಯ ಸರಳು ಹಿಡಿದೇ ಕೂತಿದ್ದರಂತೆ,
ರಸ್ತೆಯ ಗುಂಡಿಗೊಂದೊಂದು ದೇವರ ಹೆಸರು ಹೇಳುತ್ತ.
ಹುಣಸೆಬೀಜದಷ್ಟು ಗಂಟು, ಎರಡು. ಅಲ್ಲೇ ಕತ್ತರಿಸಿ ತೆಗೆದರು.
ಇನ್ನೂ ಕೆಟ್ಟದ್ದಾಗಿರಲಿಲ್ಲ.
ಬಿಟ್ಟಿದ್ದರೆ ಆಗುತ್ತಿತ್ತೋ ಇಲ್ಲವೋ, ಯಾರು ಕಂಡರು.

ಈಗ ಹಾಲಿನ ಸಾಲಿನಲ್ಲಿ ಅವರೇ ಕೇಳುತ್ತಾರೆ,
ಅಳತೆಗೆ ಸುರಿಯುವ ಮೊದಲು, ಬೀದಿಗೇ ಕೇಳುವಂತೆ:
‘ಡಬ್ಬಿ ಕೊಟ್ರಾ?’
ನಾನು ಅಷ್ಟು ಕಷ್ಟಪಟ್ಟು ಪಿಸುಗುಟ್ಟಲು ಕಲಿತದ್ದು!

ರಿಜಿಸ್ಟರಿನಲ್ಲಿ ಇನ್ನೂ ಇಪ್ಪತ್ಮೂರು ಹೆಸರು ಬಾಕಿ.
ಊಟವಾದ ಮೇಲೆ ಫೋನು ಹಿಡಿದು ಕೂರುತ್ತೇನೆ.
ಕಮ್ಮಾರ ವೀರಭದ್ರಾಚಾರ್ರು ಎತ್ತಿದರು.
‘ರಾಂಗ್ ನಂಬರ್’ ಅಂದರು, ತಮ್ಮದೇ ದನಿಯಲ್ಲಿ.
ಹಿಂದೆ ತಿದಿ ಉಸಿರಾಡುತ್ತಿತ್ತು.
‘ಸರಿ ಆಚಾರ್ರೇ,’ ಅಂದೆ, ‘ನಾಳೆ ಮತ್ತೆ ಮಾಡ್ತೀನಿ.’