ಐವತ್ತೇಳು ನಿಮಿಷ

ಮೇಡಮ್ಮೋರೆ, ಒಸಿ ಈ ಕಡೆ ನಿಂತ್ಕಳಿ,
ಒಲೆ ಬಾಯಿಂದ ಕಿಡಿ ಹಾರ್ತದೆ.
ಮಕ್ಕಳನ್ನ ಗಾಣದ ಬೆಲ್ಟಿನ ಹತ್ರ ಬುಡಬ್ಯಾಡಿ.
ನಿಮ್ಮ ದುರ್ಬೀನು ಅಲ್ಲೇ, ಕಬ್ಬಿನ ಗಾಡಿ ಪಕ್ಕ ಇಡಿ,
ಬೆಳ್ಳಿ ಇನ್ನೂ ಅರ್ಧ ಮಾರು ಮೇಲೆ ಬರಬೇಕು.

ಕೀಲಾರದ ಈ ಆಲೆಮನೇಲಿ
ಮೂವತ್ತೊಂದು ವರ್ಷದಿಂದ ನಾನು ಪಾಕದವನು.
ಚನ್ನಂಕಯ್ಯ ಅಂದ್ರೆ ಯಾರ್ಗೂ ಗೊತ್ತಾಗಲ್ಲ,
ಪಾಕದ ಚನ್ನಂಕ ಅನ್ನಿ, ಮಂಡ್ಯದ ಮಂಡೀಲೂ ದಾರಿ ತೋರಿಸ್ತಾರೆ.
ಬೆಳ್ಳಿ ಮೂಡ್ತು ಅಂದ್ರೆ ಮೊದಲ ಕೊಪ್ಪರಿಗೆಗೆ ಬೆಂಕಿ.
ಅದು ಪಡುವಲಿಗೆ ಹೋಗಿ ಸಂಜೆ ಕಾಣೋ ತಿಂಗಳಲ್ಲಿ
ಮೊಮ್ಮಗಳ ಮೊಬೈಲು ಕೂಗ್ತದೆ; ಅದು ಬೇರೆ ಮಾತು.

ನಿನ್ನೆ ನೀವು ಸ್ಕೂಲಲ್ಲಿ ಹೇಳಿದ್ದನ್ನ
ಅವಳು ಉಣ್ತಾ ಉಣ್ತಾ ಹೇಳಿದ್ಲು.
ಮುದ್ದೆ ಹಂಗೇ ಕೈಲಿ ಆರಿಹೋಯ್ತು.

ಬೆಳ್ಳೀಲಿ ನೀರಿಲ್ವಂತೆ.
ಮೋಡ ಐತಂತೆ, ಆದ್ರೆ ಗಂಧಕದ ಆಸಿಡ್ಡಿನ ಮೋಡ.
ಸೀಸ ಇಟ್ರೆ ತುಪ್ಪದಂಗೆ ಕರಗ್ತದಂತೆ.
ಗಾಳಿ ಅಂದ್ರೆ,
ತುಂಬಿದ ಕನ್ನಂಬಾಡಿ ಕಟ್ಟೆ, ಅಂಥವು ಇಪ್ಪತ್ತಕ್ಕೂ ಹೆಚ್ಚು
ಒಂದರ ಮೇಲೊಂದು ಪೇರಿಸಿ ನೆತ್ತಿ ಮೇಲೆ ಇಟ್ಟಂಗಂತೆ.
ಸೂರ್ಯ ಹುಟ್ಟೋದೇ ಪಡುವಲಲ್ಲಂತೆ.
ಎಲ್ಲೋ ಉರಿದ್ರೆ ನಿಮಗೇನು, ಉಣ್ಣಿ, ಅಂದ್ಲು ನನ್ನ ಹೆಂಡ್ತಿ.

ಉರಿ ಅಂದ್ರೆ ನನಗೇನೂ ಅಲ್ವಾ?
ಬೆಲ್ಲ ಬೆಳ್ಳಗಾಗಲಿ ಅಂತ ಸಾವ್ಕಾರ್ರು
ಡಬ್ಬಿ ಡಬ್ಬಿ ಹೈಡ್ರಾಸು ಸುರೀತಿದ್ದ ಕಾಲದಲ್ಲಿ
ಗಂಧಕದ ಘಾಟು ಕುಡಿದು
ರಾತ್ರಿಯೆಲ್ಲಾ ಕೆಮ್ಮಿ ಎದ್ದು ಕೂತವನು ನಾನು.
ದೂರದಿಂದ ನೋಡ್ದೋರಿಗೆ ಆ ಬೆಲ್ಲ ಏನು ಹೊಳಪು!
ಬೆಳ್ಳಿ ಹೊಳೆಯೋದೂ ಆ ಮೋಡದಿಂದ್ಲೇ ಅಂತೆ.

ಆಮೇಲೆ ಆ ಮಿಷನ್ನು.
ರಷ್ಯಾದೋರು ಕಳಿಸಿದ್ದು, ಹದಿನಾಲ್ಕನೇದು.
ಹೆಸರು ಹೇಳಿದ್ಲು, ನನ್ನ ನಾಲಗೆಗೆ ಹತ್ತಲಿಲ್ಲ.
ನಾಲ್ಕು ತಿಂಗಳ ದಾರಿ.
ಮೂವತ್ತೆರಡು ನಿಮಿಷ ಬದುಕಿದ್ರೆ ಸಾಕು ಅಂತ ಕಟ್ಟಿದ್ರಂತೆ,
ಐವತ್ತೇಳು ನಿಮಿಷ ತಡ್ಕೊಂತು.
ಕಣ್ಣಿನ ಮುಚ್ಚಳ ಚಿಮ್ಮಿ ಬಿತ್ತು, ಕಣ್ಣು ಬಿಡ್ತು:
ಬೆಲ್ಲದ ಬಣ್ಣದ ಬೆಳಕು,
ಚಪ್ಪಡಿ ಚಪ್ಪಡಿ ಕಲ್ಲು, ಒಂದು ಹುಲ್ಲುಕಡ್ಡಿ ಇಲ್ಲ.
ಆಮೇಲೆ ತೋಳು ಚಾಚಿ
ನೆಲ ಗಟ್ಟಿಯೋ ಮೆದುವೋ ಒತ್ತಿ ನೋಡಕ್ಕೆ ಹೋಯ್ತು.
ತೋಳು ಇಳಿದದ್ದು, ಸರೀಗೆ, ಬಿದ್ದಿದ್ದ ಮುಚ್ಚಳದ ಮೇಲೆ.
ಅಷ್ಟು ದೂರ ಹೋಗಿ
ತನ್ನ ಮುಚ್ಚಳಾನೇ ಒತ್ತಿ ನೋಡಿ
ಅದರ ಲೆಕ್ಕ ಕಳಿಸ್ತಂತೆ.
ಕ್ಲಾಸೆಲ್ಲಾ ನಕ್ತಂತೆ. ನೀವೂ ನಕ್ಕಿದ್ರಂತೆ.

ನಾನು ನಗಲಿಲ್ಲ ಮೇಡಮ್ಮೋರೆ.

ಹತ್ರ ಬನ್ನಿ, ಹುಡುಗರಿಗೆ ಕೇಳಬಾರದು.
ಪಾಕ ಹೆಂಗೆ ನೋಡ್ತೀವಿ ಗೊತ್ತಲ್ಲ:
ಬೆರಳು ತಣ್ಣೀರಲ್ಲಿ ಅದ್ದಿ, ಕುದಿಯೋದಕ್ಕೆ ಇಳಿಸಿ,
ಮತ್ತೆ ನೀರಿಗೆ. ಉಂಡೆ ಕಟ್ಟಿದ್ರೆ ಬಂತು.
ಹಂಗೆ ಅದ್ದಿ ಅದ್ದಿ ಆದ ಬೆರಳು ಇವು.
ಒತ್ತಿ ನೋಡಿ. ಇನ್ನೂ ಜೋರಾಗಿ.
ಏಳೆಂಟು ವರ್ಷ ಆಯ್ತು, ಇವಕ್ಕೇನೂ ತಿಳಿಯಲ್ಲ.
ನಾನು ಮುಟ್ಟೋದು ಪಾಕಾನಲ್ಲ,
ನನ್ನ ಜಡ್ಡನ್ನ.

ಚನ್ನಂಕನ ಬೆರಳು ಸುಳ್ಳು ಹೇಳಲ್ಲ ಅಂತವ್ರೆ ಜನ.
ನಿಜ ಹೇಳೋದು ಗುಳ್ಳೆ ಸದ್ದು:
ಮೊದಲು ಪಟಪಟ,
ಆಮೇಲೆ ಲೊಚಕ್ ಲೊಚಕ್,
ಆಮೇಲೆ ಯಾರೋ ಗದ್ದೆ ಕೆಸರಲ್ಲಿ ನಡೆದಂಗೆ. ಅಲ್ಲಿಗೆ ಇಳಿಸೋದು.
ಆದ್ರೂ ಬೆರಳು ಅದ್ತೀನಿ.
ಅದ್ದದೇ ಇದ್ರೆ ಯಾರೂ ನಂಬಲ್ಲ.
ನಾನೂ.

ಅದಕ್ಕೇ ಕೇಳ್ತೀನಿ, ಬೈಬ್ಯಾಡಿ:
ಆ ಮಿಷನ್ನಿಗೆ ಕಿವಿ ಇತ್ತಾ?

ಇತ್ತಾ!
ಹಂಗಾರೆ ಮುಚ್ಚಳ ಬಿದ್ದ ಸದ್ದು ಕೇಳಿರ್ತದೆ.
ಗಾಳೀದೂ ಕೇಳ್ತಾ? ಹೆಂಗಿತ್ತಂತೆ?
ನಿಮ್ಮ ಹತ್ರ ಐತಾ ಆ ಸದ್ದು, ಮೊಬೈಲಲ್ಲಿ?

ಅಗೋ, ಹುಡುಗರು ಕರೀತಾವೆ ನೋಡಿ,
ಬೆಳ್ಳಿ ಅರ್ಧ ಚಂದ್ರನಂಗೆ ಕಾಣ್ತದಂತೆ.
ನೀವು ಹೋಗಿ. ನಾನು ಆಮೇಲೆ ನೋಡ್ತೀನಿ.
ಏ ಮಾದೇಶ, ಸಿಪ್ಪೆ ಹಾಕೋದು ನಿಲ್ಸೋ,
ಗಾಣ ಆಫ್ ಮಾಡೋ ಒಂದು ಗಳಿಗೆ.

ತಡೀರಿ.
ಕೆಸರಲ್ಲಿ ಯಾರೋ ನಡೀತಾವ್ರೆ.