ಅಚ್ಚು, ಕಚ್ಚು

ಹೆಬ್ಬೆರಳ ಬುಡದಲ್ಲಿ, ಇಗೋ, ನಾಲ್ಕು ಚುಕ್ಕೆ.
ಸೂಜಿಯದಲ್ಲ.
ಸೂಜಿಯ ಗಾಯ ಒಂದೇ ತೂತು, ಚೀಪಿದರೆ ಮುಗಿಯಿತು.
ಇದಕ್ಕೆ ಕಾಲುಗಂಟೆ ಸೋಪು ಹಚ್ಚಿ ನಲ್ಲಿಯ ಕೆಳಗೆ ಹಿಡಿದು
ಮಿಮ್ಸ್ ಆಸ್ಪತ್ರೆಯ ಸಾಲಿನಲ್ಲಿ ನಿಂತು
ತೋಳಿಗೆ ಚುಚ್ಚಿಸಿಕೊಂಡೆ,
ಚೀಟಿಯಲ್ಲಿ ಬರೆದ ಒಂದೊಂದು ತಾರೀಖಿಗೂ.
ಪಕ್ಕದವನಿಗೆ ಬೀದಿನಾಯಿ. ನಿಮಗೆ ಯಾರದಮ್ಮ, ಎಂದ.
ನಮ್ಮದೇ, ಅಂದೆ. ನಾಚಿಕೆಯಾಯಿತು.

ಆಲೆಮನೆಯಿಂದ ತಂದದ್ದು.
ಕೊಪ್ಪರಿಗೆಯಾಚೆ ಒಣಸಿಪ್ಪೆ ರಾಶಿಯಲ್ಲಿ
ಕಣ್ಣು ಆಗಷ್ಟೇ ಬಿಟ್ಟ ಒಂದೇ ಒಂದು ಮರಿ.
ತಾಯಿ ಎಲ್ಲಿ, ಒಡಹುಟ್ಟಿದವು ಎಲ್ಲಿ, ಯಾರಿಗೂ ಗೊತ್ತಿರಲಿಲ್ಲ.
ಬೆಲ್ಲದ ಬಣ್ಣ, ಬೆಲ್ಲದಷ್ಟೇ ಗಾತ್ರ,
ಅಚ್ಚು ಎಂದು ಹೆಸರಿಟ್ಟೆ.
ಆರು ತಿಂಗಳಲ್ಲಿ ಗುತ್ತಲು ರಸ್ತೆಯ ಮಕ್ಕಳು
ಕಚ್ಚು ಎಂದು ತಿದ್ದಿದರು.

ತಪ್ಪು ನನ್ನದೂ ಇತ್ತು.
ಮಿಷನ್ನಿನ ಪಕ್ಕ ಕೂರಿಸಿಕೊಂಡು
ಬೆರಳಾಡಿಸುತ್ತಿದ್ದೆ. ಅಕ್ಕಿನುಚ್ಚಿನಂಥ ಹಲ್ಲು,
ಕಚಗುಳಿಯಷ್ಟೇ ನೋವು. ನಗುತ್ತಿದ್ದೆ.
ಕೈಯೆಂದರೆ ಆಟದ ಸಾಮಾನು ಎಂದು ಕಲಿಸಿದವಳು ನಾನು.
ಹಲ್ಲು ಬೆಳೆಯಿತು, ಪಾಠ ಬದಲಾಗಲಿಲ್ಲ.
ಪೆಡಲಿನ ಮೇಲಿನ ಪಾದ ಇಲಿಯಾಯಿತು,
ಹೊದಿಕೆಯೊಳಗೆ ಹೊರಳಿದ ಮೊಣಕಾಲು ಇಲಿಯಾಯಿತು,
ಲೈನಿಂಗ್ ಬಟ್ಟೆಯಡಿ ನಡೆಯುವ ನನ್ನ ಅಂಗೈ
ದಿನವೂ ಇಲಿ.

"ಮೂತಿಗೊಂದು ಬುಡು ಕಣಮ್ಮಿ, ಸರಿಹೋಯ್ತದೆ"
ಅಂದಳು ಹಾಲು ಹಾಕುವ ಕೆಂಪಾಜಮ್ಮ.
ಬಿಟ್ಟೆ ಒಂದು ದಿನ, ಅಳತೆಪಟ್ಟಿ ಮಡಿಸಿ.
ಬೀರುವಿನ ಮೇಲೇರಿದ್ದು ಎರಡು ದಿನ ಇಳಿಯಲಿಲ್ಲ.
ಇಳಿದದ್ದು ಕಚ್ಚುವುದಕ್ಕೇ.

ದನದಾಸ್ಪತ್ರೆಯ ಡಾಕ್ಟರಮ್ಮ
ಬಾಯಿ ಬಿಡಿಸಿ ವಸಡು ನೋಡಿದರು,
ಬೆನ್ನು ಸೊಂಟ ಒತ್ತಿ ನೋಡಿದರು. ನೋವಿನ ಕಚ್ಚಲ್ಲ ಇದು, ಅಂದರು.
"ಜೊತೆಹುಟ್ಟಿದವು ಇದ್ದಿದ್ದರೆ
ಜೋರಾಗಿ ಕಚ್ಚಿದಾಗ ಕೀಂ ಅಂದು ಆಟ ಬಿಟ್ಟು ಹೋಗುತ್ತಿದ್ದವು.
ಎಷ್ಟು ಕಚ್ಚಿದರೆ ಎಷ್ಟು ನೋವು,
ಇದಕ್ಕೆ ಅಳತೆ ಹೇಳಿಕೊಟ್ಟವರಿಲ್ಲ."

ಅಳತೆ.
ಆ ಮಾತು ಆಟೋದಲ್ಲಿ
ಬುಟ್ಟಿಯ ಪಕ್ಕ ಕೂತು ಮನೆಗೆ ಬಂತು.

ಎಷ್ಟು ಹೆಂಗಸರ ಮೈಗೆ ಪಟ್ಟಿ ಸುತ್ತಿದ್ದೇನೆ ನಾನು.
ಯಾರೂ ಬಾಯಿಬಿಟ್ಟು ಬೇಡ ಅನ್ನುವುದಿಲ್ಲ.
ಭುಜ ಒಂದು ನೂಲು ಮೇಲೇರುತ್ತದೆ,
ಉಸಿರು ಹೊಟ್ಟೆಯಲ್ಲೇ ನಿಲ್ಲುತ್ತದೆ.
ಆಗ ನನ್ನ ಬೆರಳು ತಾನಾಗಿ ಸಡಿಲ.
ನೀವೇ ಹಿಡ್ಕೊಳ್ಳಿ ಅಕ್ಕ ಈ ತುದಿ, ಅನ್ನುತ್ತೇನೆ.
ಇಷ್ಟು ಓದಿದವಳು
ಬೆಕ್ಕಿನ ಮುಂದೆ ಹೆಬ್ಬೆಟ್ಟಾದೆನಲ್ಲ.

ಈಗ ನೋಡುತ್ತೇನೆ.
ಒಂದು ಸಲ ಸವರಿದರೆ ಗುರುಗುರು.
ಎರಡನೆಯದಕ್ಕೆ ಬೆನ್ನ ಚರ್ಮ ಅಲೆಯುತ್ತದೆ,
ನೆರಿಗೆಯ ದಾರ ಎಳೆದ ಹಾಗೆ.
ಬಾಲದ ತುದಿ ಮಾತ್ರ ಟಪ್, ಟಪ್.
ಕಿವಿ ಪಕ್ಕಕ್ಕೆ ಮಲಗಿತೋ,
ಗುರುಗುರು ಇನ್ನೂ ಇದ್ದರೂ ಕೈ ತೆಗೆಯುತ್ತೇನೆ.
ಮೂರನೆಯ ಸವರು ಅದಕ್ಕಲ್ಲ, ನನ್ನ ಆಸೆಗೆ.

ಆಟಕ್ಕೆ ಬೇರೆ ಇದೆ, ಎರಡು ಮೊಳದ ಕೋಲು,
ತುದಿಗೆ ಬಿಗಿದ ಬ್ಲೌಸಿನ ಚಿಂದಿ.
ಅಂಗಡಿ ತೆಗೆಯುವ ಮುಂಚೆ, ರಾತ್ರಿ ದೀಪ ಆರಿಸುವ ಮುಂಚೆ
ಓಡಿಸುತ್ತೇನೆ, ಹಿಡಿಯಲು ಬಿಡುತ್ತೇನೆ,
ಗೆದ್ದದ್ದಕ್ಕೆ ತಿನ್ನಲು ಏನಾದರೂ.
ಆಮೇಲೆ ಕೋಲು ಬೀರುವಿನೊಳಗೆ,
ದಾರ ನುಂಗಿದರೆ ಕರುಳು ಕೊಯ್ಯುತ್ತದಂತೆ.
ಕೈಯನ್ನೇ ಹಿಡಿದರೂ ಎಳೆಯುವುದಿಲ್ಲ.
ಓಡದ ಇಲಿಯಲ್ಲಿ ಅದಕ್ಕೇನು ರುಚಿ?
ಬಿಡುತ್ತದೆ. ಎದ್ದು ಹೋಗುತ್ತೇನೆ.

ಸರಿಹೋಯ್ತಾ, ಕೇಳುತ್ತಾಳೆ ಕೆಂಪಾಜಮ್ಮ.
ಏನು ಹೇಳಲಿ.
ಮೊನ್ನೆ ಹಬ್ಬದ ಹಿಂದಿನ ರಾತ್ರಿ
ಹದಿನೇಳು ಬ್ಲೌಸು ಬಾಕಿ, ನಿದ್ದೆಗಣ್ಣಲ್ಲಿ
ನಾನೇ ಅಳತೆ ತಪ್ಪಿದೆ, ನಾಲ್ಕನೇ ಸಲ ಸವರಿದೆ.
ತಿರುಗಿ ಮಣಿಕಟ್ಟು ಹಿಡಿಯಿತು.
ಹಲ್ಲು ಚರ್ಮದ ಮೇಲೆ ನಿಂತವು,
ಗುಂಡುಪಿನ್ನು ಬಟ್ಟೆಗಿಳಿಯುವ ಮುಂಚಿನ ಹಾಗೆ.
ಅಲ್ಲೇ ನಿಂತವು.
ಮಿಷನ್ನೂ ನಿಂತಿತು.

ಆಮೇಲೆ ಎದ್ದು ಹೋಗಿ ಕೂತಿತು,
ಇನ್ನೂ ಹುಕ್ಕು ಹಾಕದ ಹಸಿರು ರೇಷ್ಮೆಯ ಮೇಲೆ,
ತುಪ್ಪಳ ಉದುರಿಸುತ್ತ.